ಜ್ವರದ ನಂತರದ ಎದೆನೋವು: ರಕ್ತಪರೀಕ್ಷೆ ಹೇಳುವುದೆಷ್ಟು?

ಬಂದಳಿಕೆಯ ಸುತ್ತಿನ ಹಳ್ಳಿಗಳವರಿಗೆ ಜ್ವರ ಹೊಸದೇನಲ್ಲ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡೆಂಗಿ, ಇಲಿಜ್ವರಗಳೂ ಮಲೆನಾಡನ್ನು ಬಿಟ್ಟಿಲ್ಲ. ಜ್ವರ ಇಳಿದ ಮೇಲಿನ ಸುಸ್ತಿಗೆ ಗಂಜಿ ಕುಡಿದು ಮಲಗುವುದು ನಮ್ಮ ರೂಢಿ. ಬಹುಪಾಲು ಅದು ಸರಿಯೇ. ಆದರೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಎದೆಯಲ್ಲಿ ನೋವು, ಸುಮ್ಮನೆ ಮಲಗಿದ್ದಾಗಲೂ ಎದೆ ಡವಡವ ಎನ್ನುವುದು ಕಂಡರೆ ಹೃದಯದ ಸ್ನಾಯುವಿಗೆ ಉರಿಯೂತ ತಗುಲಿರಬಹುದು. ವೈದ್ಯರು ಇದನ್ನು ಮಯೋಕಾರ್ಡೈಟಿಸ್ ಎನ್ನುತ್ತಾರೆ. ಡೆಂಗಿ, ಇಲಿಜ್ವರಗಳಿಂದ ಮಾತ್ರವಲ್ಲ, ಸಾಮಾನ್ಯ ನೆಗಡಿ ಜ್ವರದ ವೈರಸ್ಸಿನಿಂದಲೂ ಇದು ಬರಬಹುದು. ಹರೆಯದವರನ್ನೂ ಬಿಡದು.

ಇದನ್ನು ಪತ್ತೆ ಮಾಡಲು ರಕ್ತಪರೀಕ್ಷೆ ಸಾಲದೇ ಎಂದು ನೀವು ಕೇಳಬಹುದು. ಹೃದಯದ ಸ್ನಾಯುಕೋಶಗಳೊಳಗೆ ಟ್ರೋಪೋನಿನ್ ಎಂಬ ಪ್ರೋಟೀನು ಇದೆ. ಕೋಶಕ್ಕೆ ಪೆಟ್ಟು ಬಿದ್ದರೆ ಅದು ರಕ್ತಕ್ಕೆ ಸೋರುತ್ತದೆ. ಪ್ರಮಾಣ ಏರಿದ್ದರೆ ಹೃದಯಕ್ಕೆ ಪೆಟ್ಟಾಗಿದೆ ಎಂದು ತಿಳಿಯುತ್ತದೆ. ಯಾತರಿಂದ ಎಂಬುದು ತಿಳಿಯದು. ಹೃದಯಾಘಾತದಲ್ಲೂ ಅದು ಏರುತ್ತದೆ, ಮೂತ್ರಪಿಂಡ ಸೋತವರಲ್ಲೂ ಹೆಚ್ಚಿರುತ್ತದೆ. ಇನ್ನು ಇ.ಎಸ್.ಆರ್., ಸಿ.ಆರ್.ಪಿ.ಗಳು ಮೈಯ ಯಾವ ಮೂಲೆಯ ಉರಿಯೂತಕ್ಕೂ ಏರುವಂಥವು. ಹಲ್ಲಿನ ಕೀವಿಗೂ ಏರಿಯಾವು!

ನನಗೆ ಹೆಚ್ಚು ಆತಂಕ ತರುವುದು 'ನಾರ್ಮಲ್' ಎಂಬ ಚೀಟಿ. ಟ್ರೋಪೋನಿನ್ ಸಹಜವಾಗಿದ್ದೂ ಉರಿಯೂತ ಇರುವುದುಂಟು, ಅದರಲ್ಲೂ ಕಾಯಿಲೆ ಶುರುವಾಗಿ ಕೆಲವು ದಿನ ಕಳೆದಿದ್ದರೆ. ವೈದ್ಯರನ್ನು ಕಾಣದೆ ನೇರ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು, ಚೀಟಿ ಜೇಬಿಗಿಟ್ಟುಕೊಂಡು ಗದ್ದೆಗಿಳಿಯುವವರಿದ್ದಾರೆ. ಉರಿಯೂತವಿರುವ ಹೃದಯಕ್ಕೆ ಭಾರದ ದುಡಿಮೆ ಕೊಟ್ಟರೆ ಬಡಿತದ ಲಯವೇ ತಪ್ಪಿ ಜೀವಕ್ಕೆ ಕುತ್ತು ಬರಬಹುದು. ರೋಗ ಖಚಿತವಾದವರಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಶ್ರಮದ ಕೆಲಸ, ಓಟ, ಆಟ ಬೇಡ ಎನ್ನುವುದು ಇದಕ್ಕೇ. ನಾಟಿಯ ಹೊತ್ತಿನಲ್ಲಿ ಈ ಮಾತು ಮನೆಯವರಿಗೆ ಕಹಿ, ಬಲ್ಲೆ.

ಹಾಗಾಗಿ ಮೊದಲು ಇ.ಸಿ.ಜಿ. ಮಾಡಿಸಿ. ಅದು ನಿಮಿಷಗಳ ಕೆಲಸ. ಟ್ರೋಪೋನಿನ್ ಅನ್ನು ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ನೋಡಬೇಕೆಂದು ವೈದ್ಯರು ಹೇಳಿದರೆ ದುಡ್ಡು ಕೀಳುವ ಹುನ್ನಾರ ಎಂದು ಗೊಣಗಬೇಡಿ; ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಮುಖ್ಯ. ಎಕೋದಲ್ಲಿ ಹೃದಯ ಎಷ್ಟು ಬಲವಾಗಿ ಹಿಂಡುತ್ತಿದೆ ಎಂಬುದು ಕಾಣುತ್ತದೆ. ಆಮೇಲೂ ಅನುಮಾನ ಉಳಿದರೆ ಹೃದಯದ ಎಂ.ಆರ್.ಐ., ಅಪರೂಪಕ್ಕೆ ಬಯಾಪ್ಸಿ. ಇವಕ್ಕೆ ದೊಡ್ಡ ಊರಿಗೇ ಹೋಗಬೇಕು. ಕಣ್ಣು ಕತ್ತಲೆ ಬಂದು ಬಿದ್ದವರನ್ನು ಮಾತ್ರ ಯಾವ ಲ್ಯಾಬಿಗೂ ಒಯ್ಯದೆ ತಕ್ಷಣ 108ಕ್ಕೆ ಕರೆ ಮಾಡಿ.

ಎದೆನೋವೆಂದು ವೈದ್ಯರ ಮುಂದೆ ಕುಳಿತಾಗ, ಎರಡು ವಾರದ ಹಿಂದೆ ಜ್ವರ ಬಂದಿತ್ತು ಎಂಬುದನ್ನು ಅವರು ಕೇಳದಿದ್ದರೂ ಹೇಳಿ.