ಧನಗೆರೆಗೆ ಕಾಣದ್ದು ಹವಾಯಿಗೂ ಕಾಣಲ್ಲ

ಆಕಾಶ ನೋಡೋಕೆ ಎತ್ತರದ ಬೆಟ್ಟ ಬೇಕು, ದೊಡ್ಡ ದೂರದರ್ಶಕ ಬೇಕು, ಅದೆಲ್ಲ ನಮ್ಮಂಥ ಊರಿನವರಿಗಲ್ಲ ಬಿಡಿ... ನಮ್ಮ ಕಡೆ ಬಿ.ಎಸ್ಸಿ. ಓದೋ ಹುಡುಗರ ಬಾಯಲ್ಲೇ ಈ ಮಾತು ಕೇಳಿದ್ದೀನಿ. ಕಣ್ಣಿಗೆ ಕಾಣೋ ಬೆಳಕಿನ ಮಟ್ಟಿಗೆ ಅದು ಸರಿಯಿರಬಹುದು. ಎಕ್ಸ್-ರೇ ಮಟ್ಟಿಗೆ ಖಂಡಿತ ಅಲ್ಲ. ನಕ್ಷತ್ರಲೋಕದಿಂದ ಬರೋ ಎಕ್ಸ್-ರೇಯನ್ನ ವಾತಾವರಣ ನೆಲ ಮುಟ್ಟೋಕೇ ಬಿಡಲ್ಲ. ಕೊಳ್ಳೇಗಾಲದ ಧನಗೆರೆಯಲ್ಲಿ ನಿಂತರೂ ಅಷ್ಟೇ, ಹವಾಯಿಯ ಬೆಟ್ಟದ ತುದಿಯಲ್ಲಿ ನಿಂತರೂ ಅಷ್ಟೇ. ನೋಡೋದು ಉಪಗ್ರಹ. ಅದು ಕಳಿಸಿದ ಮಾಹಿತಿಯನ್ನ ದೊಡ್ಡ ವಿಜ್ಞಾನಿಯೂ ಕಂಪ್ಯೂಟರ್ ಮುಂದೆ ಕೂತೇ ಓದಬೇಕು.

ಒಂದು ಉದಾಹರಣೆ ಕೊಡ್ತೀನಿ. ನಮ್ಮದು ರೇಷ್ಮೆ ಸೀಮೆ. ಹುಳು ತನ್ನ ಮೈಯಿಂದಲೇ ನೂಲು ತೆಗೆದು ಸುತ್ತ ಗೂಡು ಕಟ್ಟೋದನ್ನ ಯಾರೂ ಹೇಳಿಕೊಡಬೇಕಿಲ್ಲ. ವುಲ್ಫ್-ರಾಯೆ ಅನ್ನೋ ಜಾತಿಯ ಭಾರೀ ನಕ್ಷತ್ರಗಳು ಮಾಡೋದೂ ಹೆಚ್ಚುಕಮ್ಮಿ ಇದನ್ನೇ. ಮೊದಲು ಉಬ್ಬಿಕೊಂಡು ನಿಧಾನವಾಗಿ ಅನಿಲ ಉಗುಳುತ್ತವೆ. ಆಮೇಲೆ ಸ್ವಭಾವ ಬದಲಾಗಿ ಬಿರುಗಾಳಿ ಬೀಸುತ್ತವೆ. ರಾಜಹಂಸ ನಕ್ಷತ್ರಪುಂಜದ ಎನ್‌ಜಿಸಿ 6888 ನೀಹಾರಿಕೆಯ ನಡುವೆ ಇರೋ ಅಂಥ ನಕ್ಷತ್ರದ ಗಾಳಿ ಸೆಕೆಂಡಿಗೆ ಸುಮಾರು 1,700 ಕಿ.ಮೀ.! ಈ ಗಾಳಿ ಮುಂಚೆ ಹೋದ ಅನಿಲಕ್ಕೆ ಗುದ್ದಿ, ಅದನ್ನ ಗೂಡಿನಂತೆ ಗುಡ್ಡೆ ಹಾಕುತ್ತೆ. ಒಳಗೆ ಸಿಕ್ಕಿಕೊಂಡ ಗಾಳಿ ಕಾದು ಎಕ್ಸ್-ರೇ ಬಿಡುತ್ತೆ.

ಸಮಸ್ಯೆ ಇರೋದು ಇಲ್ಲೇ. ಆ ವೇಗಕ್ಕೆ ಬಿಸಿ ಕೋಟಿಗಟ್ಟಲೆ ಡಿಗ್ರಿ ಇರಬೇಕು. ಅಳೆದರೆ ಸಿಗೋದು ಮುಖ್ಯವಾಗಿ ಹತ್ತಿಪ್ಪತ್ತು ಲಕ್ಷ ಡಿಗ್ರಿ. ಗೂಡಿನ ಗೋಡೆಯ ತಣ್ಣನೆ ಅನಿಲ ಒಳಗೆ ಬೆರೆತು, ಸ್ನಾನದ ಬಿಸಿನೀರಿಗೆ ತಣ್ಣೀರು ಬೆರೆಸಿದ ಹಾಗೆ ಆಗಿದೆ ಅನ್ನೋದು ಒಂದು ವಿವರಣೆ. ಹೇಗೆ ಬೆರೆಯುತ್ತೆ, ಎಷ್ಟು ಬೆರೆಯುತ್ತೆ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ. ಇಂಥ ಎಕ್ಸ್-ರೇ ಗುಳ್ಳೆಗಳು ಸಿಕ್ಕಿರೋದೂ ಬೆರಳೆಣಿಕೆಯಷ್ಟು. ಈ ಮೃದು ಎಕ್ಸ್-ರೇಯನ್ನ ದಾರಿಯಲ್ಲಿನ ಅನಿಲವೇ ನುಂಗಿಹಾಕುತ್ತೆ. ಲುಬ್ಧಕ ಇರೋ ಪುಂಜದಲ್ಲೇ ಎಸ್ 308 ಅನ್ನೋ ಗುಳ್ಳೆ ಇದೆ. ಹುಣ್ಣಿಮೆ ಚಂದ್ರನಿಗಿಂತ ಅಗಲ, ಬರಿಗಣ್ಣಿಗೆ ಮಾತ್ರ ಕಾಣಲ್ಲ.

ಈ ವಿದ್ಯೆ ನಮಗೆ ಹೊಸದೂ ಅಲ್ಲ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯು. ಆರ್. ರಾಯರ ತಂಡ ಕಟ್ಟಿದ ಆರ್ಯಭಟ ಉಪಗ್ರಹ 1975ರಲ್ಲೇ ಎಕ್ಸ್-ರೇ ಉಪಕರಣ ಹೊತ್ತು ಹೋಗಿತ್ತು. 2015ರಲ್ಲಿ ಆಸ್ಟ್ರೋಸ್ಯಾಟ್ ಹೋಯಿತು. 2024ರ ಹೊಸವರ್ಷದ ದಿನ ಹಾರಿದ ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು. ಆದರೆ ಅದು ನೋಡೋದು ಪ್ರಕಾಶಮಾನವಾದ, ಹೆಚ್ಚು ಶಕ್ತಿಯ ಎಕ್ಸ್-ರೇ ಮೂಲಗಳನ್ನ. ಈ ಮಂಕು ಗುಳ್ಳೆಗಳಿಗೆ 1999ರಲ್ಲಿ ಹಾರಿದ ಚಂದ್ರ ಮತ್ತು ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕಗಳೇ ಬೇಕು. ಅವುಗಳ ಮಾಹಿತಿ ನಿಗದಿತ ಅವಧಿ ಮುಗಿದ ಮೇಲೆ ಎಲ್ಲರಿಗೂ ಉಚಿತ. ಅದನ್ನ ಓದೋ ತಂತ್ರಾಂಶವೂ ಉಚಿತ.

ಅಂದಮೇಲೆ ತಾಲೂಕು ಕಾಲೇಜಿನ ಭೌತಶಾಸ್ತ್ರದ ಪ್ರಾಜೆಕ್ಟಿಗೆ ಇದನ್ನ ಯಾಕೆ ಕೊಡಬಾರದು? ಹೊಸ ಗುಳ್ಳೆ ಹುಡುಕಲಿ ಅಂತ ಹೇಳ್ತಿಲ್ಲ. ಎನ್‌ಜಿಸಿ 6888ರ ಮಾಹಿತಿ ಇಳಿಸಿಕೊಂಡು, ಪ್ರಕಟವಾದ ತಾಪಮಾನ ತಮಗೂ ಬರುತ್ತಾ ನೋಡಲಿ. ಬರದಿದ್ದರೆ ಯಾಕೆ ಬರಲಿಲ್ಲ ಅಂತ ಬರೆಯಲಿ. ಹಿಂದಿನವರ ರೆಕಾರ್ಡ್ ನಕಲು ಮಾಡೋದಕ್ಕಿಂತ ಇದು ಮೇಲು.

"ಇದರಿಂದ ರಾಗಿ ಬೆಳೆಯುತ್ತಾ?" ಅಂತ ಕೇಳೋರು ಇದ್ದೇ ಇದ್ದಾರೆ. ಬೆಳೆಯಲ್ಲ ಸ್ವಾಮಿ. ಆದರೆ ಗದ್ದಲದ ನಡುವೆ ಮಂಕು ಸುಳಿವನ್ನ ಹೆಕ್ಕೋದು, ಕೈಗೆ ಸಿಕ್ಕ ಅಂಕಿಯನ್ನ ಅನುಮಾನಿಸೋದು ಕಲಿತ ಹುಡುಗಿ ಎಲ್ಲಿ ಹೋದರೂ ಬದುಕ್ತಾಳೆ.

ನಿಜವಾದ ಅಡ್ಡಿ ಬೇರೆ. ಕಾಲೇಜಲ್ಲಿ ನೆಟ್ಟಗೆ ನಡೆಯೋ ಕಂಪ್ಯೂಟರ್ ಬೇಕು, ಜೊತೆಗೆ ಕೂತು ತಿದ್ದೋ ಮೇಷ್ಟ್ರು ಬೇಕು. ಎಲ್ಲಕ್ಕಿಂತ ಮೊದಲು, "ಇದನ್ನ ಹೀಗೆ ತೆರಿ, ಇದನ್ನ ಹೀಗೆ ಅಳಿ" ಅಂತ ಕನ್ನಡದಲ್ಲಿ ಹೇಳೋ ಇಪ್ಪತ್ತು ಪುಟದ ಕೈಪಿಡಿ ಬೇಕು. ಅದಕ್ಕೆ ರಾಕೆಟ್ಟೂ ಬೇಡ, ಬೆಟ್ಟವೂ ಬೇಡ. ಬಲ್ಲವರು ನಾಲ್ಕು ಜನ ಕೂತರೆ ಸಾಕು. ಬಲ್ಲವರು ಯಾರಾದರೂ ಇದನ್ನ ಓದ್ತಿದ್ದರೆ, ಶುರು ಮಾಡೋಣವಾ? ಏನಂತೀರಿ?