ದಡ್ಡ ಅಂದವರೆ, ಲೆಕ್ಕ ಕೊಡಿ



ಮೂಡಿಗೆರೆ, ಕಳಸದ ಲೈನ್ ಮನೆಯ ಮಗು ಶಾಲೆಯಲ್ಲಿ ಅಕ್ಷರಕ್ಕೆ ತಡವರಿಸಿದರೆ ಒಂದು ಮಾತು ಸಿದ್ಧವಾಗಿರುತ್ತೆ: 'ಇವರ ಜಾತೀನೇ ಅಷ್ಟು, ಹೆಂಡದ ಜನ.' ಈ ಜಾಣರಿಗೆ ವಿಜ್ಞಾನ ಹೇಳೋದನ್ನ ಕೇಳಿಸೋಣ.

ಬಸುರಿ ಕುಡಿದ ಮದ್ಯ ಹೊಕ್ಕುಳಬಳ್ಳಿ ಹಾದು ಮಗುವಿನ ಮಿದುಳನ್ನು ಮುಟ್ಟುತ್ತೆ. ಇದರಿಂದಾಗುವ ಕೇಡಿಗೆ 1973ರಲ್ಲಿ ಅಮೆರಿಕದ ವೈದ್ಯರು ಹೆಸರಿಟ್ಟರು. ತಾಯಿಯಲ್ಲಿ ಕಬ್ಬಿಣದ ಅಂಶ ಕಮ್ಮಿಯಿದ್ದರೆ ಪೆಟ್ಟು ಇನ್ನೂ ಜೋರು. ಇಲಿಗಳ ಪ್ರಯೋಗದಲ್ಲಿ ಕಂಡದ್ದು: ಮದ್ಯವು ಕಬ್ಬಿಣವನ್ನು ಮರಿಯ ಯಕೃತ್ತಿನಲ್ಲೇ ಹಿಡಿದಿಟ್ಟು ಮಿದುಳಿಗೆ ಸಿಗದಂತೆ ಮಾಡುತ್ತೆ.

ಜಾತಿ ಎಲ್ಲಿದೆ ಇದರಲ್ಲಿ?

ದಕ್ಷಿಣ ಆಫ್ರಿಕದ ದ್ರಾಕ್ಷಿ ತೋಟಗಳಲ್ಲಿ ಬಿಳಿ ಧಣಿಗಳು ಆಳುಗಳ ಕೂಲಿಯ ಒಂದು ಪಾಲನ್ನು ವೈನಾಗಿ ಅಳೆದು ಕೊಡುತ್ತಿದ್ದರು. 'ಡಾಪ್' ಎಂದು ಅದರ ಹೆಸರು. ಗರ್ಭದಲ್ಲೇ ಮದ್ಯದ ಪೆಟ್ಟು ತಿಂದ ಮಕ್ಕಳು ಆ ಸೀಮೆಯಲ್ಲಿ ಇವತ್ತಿಗೂ ಬಹಳ. ಕುಡಿಸಿದವನು ಧಣಿ, ಕುಡುಕ ಅನ್ನಿಸಿಕೊಂಡವನು ಆಳು!

ನಮ್ಮಲ್ಲಿ? 2007ರ ಜುಲೈ 1ರಿಂದ ಸರಕಾರ ಸಾರಾಯಿ ನಿಲ್ಲಿಸಿತು. ಸಾರಾಯಿ ಹೋಯ್ತು, ಅಗ್ಗದ ವಿಸ್ಕಿ ಪೊಟ್ಟಣ ಬಂತು. ಅಬಕಾರಿ ದುಡ್ಡು ಮಾತ್ರ ಬೊಕ್ಕಸಕ್ಕೆ ಹರೀತಾನೇ ಇದೆ.

ನಮ್ಮ ಅಕ್ಕಂದಿರ ರಕ್ತ ಎಲ್ಲಿ ಹೋಯ್ತು? ಒದ್ದೆ ಮಣ್ಣಲ್ಲಿ ಬರಿಗಾಲು ಇಟ್ಟರೆ ಕೊಕ್ಕೆಹುಳು ಹೊಕ್ಕು ಹೀರುತ್ತೆ. ಮೇಲಿಂದ ಮೇಲೆ ಹೆರಿಗೆ. ಗಂಡಸರು ಉಂಡು ಉಳಿದದ್ದೇ ಊಟ. ನಾವು ಕೊಯ್ಯುವ ಕಾಫಿಯೇ, ಊಟದ ಜೊತೆ ಕುಡಿದರೆ, ಅನ್ನದ ಕಬ್ಬಿಣ ಮೈಗೆ ಹತ್ತೋಕೆ ಬಿಡಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರು.

ಹಾಗಂತ ತಾಯಿಯನ್ನು ಕಟಕಟೆಗೆ ಎಳೆಯಬೇಡಿ. ಮಳೆ, ಚಳಿ, ಸೊಂಟನೋವಿಗೆ 'ಒಂದು ಗುಟುಕು ಕುಡಿ' ಅಂತ ಲೋಟ ನೀಡೋರು ಯಾರು? ನಾವೇ, ಗಂಡಸರು. ವೇದಿಕೆ ಮೇಲೆ ಬಾಬಾಸಾಹೇಬರ ಹೆಸರು ಹೇಳಿ, ಬಟವಾಡೆ ದಿನ ಅಂಗಡಿ ಮುಂದೆ ನಿಲ್ಲೋರೂ ನಾವೇ. ನಾಚಿಕೆ ಆಗಬೇಕು.

ಕಬ್ಬಿಣದ ಗುಳಿಗೆ ನುಂಗಿದರೆ ಕುಡಿಯಬಹುದು ಅಂತಲ್ಲ. ಬಸುರಿಗೆ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನೋ ಅಳತೆಯೇ ಇಲ್ಲ. ಆದರೆ ಗುಳಿಗೆ ಅವಳ ಹಕ್ಕು: ದಿನಕ್ಕೊಂದರಂತೆ 180 ದಿನ. ರಕ್ತಪರೀಕ್ಷೆ ಹಕ್ಕು, 11 ಗ್ರಾಂಗಿಂತ ಕಮ್ಮಿಯಿದ್ದರೆ ಚಿಕಿತ್ಸೆ ಹಕ್ಕು. ತೋಟದಲ್ಲಿ ಆಸ್ಪತ್ರೆ, ಶಿಶುಗೃಹ ಇರಬೇಕು ಅಂತ 1951ರಲ್ಲೇ ಕಾಯ್ದೆ ಬರೆದರು. ಎಷ್ಟು ಲೈನಿಗೆ ಬಂದವು? ಎಣಿಸಿ ಹೇಳಿ.

ಮಗುವನ್ನು ದಡ್ಡ ಅಂದವರೆ, ಅದರ ತಾಯಿಯ ರಕ್ತದ ಲೆಕ್ಕ ಮೊದಲು ಕೊಡಿ.

ಹೆಂಡ ಬೇಡ, ಹಕ್ಕು ಬೇಕು. ಜೈ ಭೀಮ್.