ನೆಲದಡಿಯ ಮೌನ

1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದ ನೆಲದೊಳಗೆ ನೀರು, ಒಳಚರಂಡಿ, ದೂರವಾಣಿಗಳು ಮೊದಲೇ ನೆಲಸಿದ್ದುವು. ಇತ್ತೀಚಿನ ವರ್ಷಗಳಲ್ಲಿ ಬೆಸ್ಕಾಂ ಮೇಲ್ತಂತಿಗಳನ್ನು ನೆಲಕ್ಕಿಳಿಸಿದ ಬಳಿಕ 11,000 ವೋಲ್ಟಿನ ಕೇಬಲ್ಲುಗಳೂ ಸೇರಿವೆ. ಅಲ್ಲಿ ಹಾರೆಯನ್ನು ಊಹೆಯ ಮೇಲೆ ಇಳಿಸುವುದನ್ನು ನಾವು ಒಪ್ಪೆವು. ಫ್ಯಾರಡೆ 1831ರಲ್ಲಿಯೇ ಉಪಾಯವನ್ನು ತೋರಿಸಿರುವನು.

ಪರ್ಯಾಯ ವಿದ್ಯುತ್ತು ಹರಿಯುವ ತಂತಿಯ ಸುತ್ತ ಬದಲಾಗುತ್ತಿರುವ ಕಾಂತಕ್ಷೇತ್ರವುಂಟು. ನೆಲದ ಮೇಲೆ ಹಿಡಿದ ತಾಮ್ರದ ಸುರುಳಿಯಲ್ಲಿ ಅದು ಅಲ್ಪ ವಿದ್ಯುತ್ತನ್ನು ಪ್ರೇರಿಸುವುದು. ಅದನ್ನು ವರ್ಧಿಸಿದರೆ ಶೋಧಕವು ಗುಂಯ್‌ಗುಟ್ಟುವುದು. ಹಾಗಾದರೆ ಸದ್ದಿಲ್ಲದೆಡೆ ಕೇಬಲ್ಲಿಲ್ಲವೆ? ಅಪಾಯವಿರುವುದು ಇಲ್ಲಿಯೇ. ಮೂರೆಳೆಯ ಕೇಬಲ್ಲಿನಲ್ಲಿ ಪ್ರವಾಹಗಳು ಸಮತೂಕವಾಗಿದ್ದರೆ ಅವುಗಳ ಕ್ಷೇತ್ರಗಳು ಒಂದನ್ನೊಂದು ಬಹುಪಾಲು ಅಳಿಸುವುವು. ಕೊಲ್ಲಬಲ್ಲ ಕೇಬಲ್ಲು ಮೌನವಾಗಿರಬಲ್ಲುದು! ಆದುದರಿಂದ 50 ಹರ್ಟ್ಸಿನ ಸದ್ದನ್ನಷ್ಟೇ ನಂಬಕೂಡದು. ಕೇಬಲ್ಲಿನ ಲೋಹದ ಕವಚಕ್ಕೆ ಪ್ರೇಷಕದಿಂದ ಕೆಲವು ಸಾವಿರ ಹರ್ಟ್ಸಿನ ಸಂಕೇತವನ್ನು ಕೊಟ್ಟು, ಆ ಆವೃತ್ತಿಗೇ ಶ್ರುತಿಗೂಡಿಸಿದ ಶೋಧಕದಿಂದ ಜಾಡು ಹಿಡಿಯಬೇಕು. ಒಂದರ ಮೇಲೊಂದಿಟ್ಟ ಎರಡು ಸುರುಳಿಗಳ ಸಂಕೇತಗಳನ್ನು ಹೋಲಿಸಿದರೆ ಆಳದ ಅಂದಾಜೂ ದೊರೆಯುವುದು. (ಲೋಹವೇ ಇಲ್ಲದ ಗಾಜಿನೆಳೆಯ ಕೇಬಲ್ಲು ಮಾತ್ರ ಇದಕ್ಕೂ ಸಿಕ್ಕದು.)

ಅಗೆಯುವವರು ಕೇಬಲ್ಲಿನ ಒಡೆಯರಿಗೆ ಮುಂಚಿತವಾಗಿ ತಿಳಿಸಲೆಂದು ಕೇಂದ್ರ ಸರ್ಕಾರವು 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪನ್ನು ಹೊರತಂದಿತು. ಒಳ್ಳೆಯದೇ. ಆದರೆ ಒಡೆಯನ ಬಳಿಯೇ ಸರಿಯಾದ ನಕ್ಷೆಯಿಲ್ಲದಿದ್ದರೆ ಅವನು ಉತ್ತರವಾಗಿ ಏನು ಹೇಳಿಯಾನು? ಹೊಸ ಕೇಬಲ್ಲಾದರೆ, ಕಂದಕ ತೆರೆದಿರುವಾಗಲೇ ಅಳೆದು ನಕ್ಷೆಯನ್ನು ಒಪ್ಪಿಸಿದ ಮೇಲೆಯೇ ಗುತ್ತಿಗೆದಾರನಿಗೆ ಹಣ ಸಲ್ಲತಕ್ಕದ್ದು. ಹಳೆಯದಾದರೆ ಮೊದಲು ಶೋಧಕ, ಅನಂತರ ಕೈಯಿಂದ ಎಚ್ಚರವಾಗಿ ತೋಡಿದ ಪರೀಕ್ಷಾ ಗುಂಡಿ. ಇವೆರಡೂ ಮುಗಿಯುವವರೆಗೆ ಯಂತ್ರಕ್ಕೆ ರಸ್ತೆಯನ್ನು ಮುಟ್ಟಲು ಅಪ್ಪಣೆ ಕೊಡಕೂಡದೆಂಬುದು ನಮ್ಮ ಅಭಿಪ್ರಾಯ.